ಅಂದಪ್ಪ ಹೊರದ ಹರಕೆ

ದೇವದಾನವರು ಹಾಲಿನ ಕಡಲನ್ನು ಕಡೆದಾಗ ಮೊದಲು ಮೇಲೆ ಬಂದದ್ದು ವಿಷ ಎಂದು ಪುರಾಣ ಹೇಳುವವರು ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ. ಬೆಟಗೇರಿಯ ಅಂದಪ್ಪನೂ ಎಷ್ಟೋ ಶ್ರಾವಣಗಳಲ್ಲಿ ಹಾಗೆ ತಲೆದೂಗಿದವನೇ. ಆದರೆ ಹಾಲನ್ನು ಕಡೆಯದೆ, ಕಾಯಿಸದೆ, ಬರೀ ‘ಬೇಡ’ ಎಂದಷ್ಟಕ್ಕೇ ಒಂದು ಓಣಿಯೆಲ್ಲ ಕಡೆದುಹೋಗಬಹುದು ಎಂದು ಯಾವ ಪುರಾಣವೂ ಅವನಿಗೆ ಮುಂಚಿತವಾಗಿ ತಿಳಿಸಿರಲಿಲ್ಲ.

ಅಂದಪ್ಪ ಗದಗಿನ ಬಟ್ಟೆಯಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ, ತೋರಿಸಿದ್ದನ್ನು ಮತ್ತೆ ಮಡಚಿಡುವ ಕೆಲಸದವನು. ದಿನವಿಡೀ ಹೆಂಗಸರು ಬೇಡವೆಂದದ್ದನ್ನು ತುಟಿಪಿಟಕ್ಕೆನ್ನದೆ ಮಡಚಿ ಮಡಚಿ, ಯಾರಿಗಾದರೂ ಎದುರು ಮಾತಾಡುವ ರೂಢಿಯೇ ಅವನಿಗೆ ತಪ್ಪಿಹೋಗಿತ್ತು. ಮನೆಯಲ್ಲಿ ತಾಯಿ ಗುರುಸಿದ್ದವ್ವ, ಹೆಂಡತಿ ಶೃತಿ, ಒಂದನೇ ಇಯತ್ತೆ ಓದುವ ಮಗಳು ಐಶ್ವರ್ಯಾ ಮತ್ತು ಮೊಬೈಲ್ ರಿಪೇರಿ ಅಂಗಡಿಯಿಟ್ಟ ತಮ್ಮ ವೀರು. ವೀರೂಗೆ ವಯಸ್ಸು ಮೂವತ್ತೈದು ದಾಟಿತ್ತು, ಕನ್ಯೆ ಮಾತ್ರ ಸಿಕ್ಕಿರಲಿಲ್ಲ. ನೋಡಲು ಹೋದಲ್ಲೆಲ್ಲ “ಸರಕಾರಿ ನೌಕರಿ ಐತೇನ್ರಿ?” ಎಂದು ಕೇಳಿ, ಅವಲಕ್ಕಿ ಕೊಟ್ಟು ಕಳಿಸುತ್ತಿದ್ದರು. ಲಕ್ಷ್ಮೇಶ್ವರದ ಅವಲಕ್ಕಿಗೂ ಮುಂಡರಗಿಯ ಅವಲಕ್ಕಿಗೂ ಇರುವ ಭೇದವನ್ನು ವೀರು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ.

ಗದ್ದಲ ಶುರುವಾದದ್ದು ಐಶ್ವರ್ಯಾಳಿಂದ. ಒಂದು ಮುಂಜಾನೆ ಅವಳು ಅಜ್ಜಿಯ ಜೊತೆ ಓಣಿಯ ತುದಿಯಲ್ಲಿದ್ದ ಹುಲಿಗೇಶನ ಎಮ್ಮೆ ಕೊಟ್ಟಿಗೆಗೆ ಹೋದಳು. ಅತ್ತ ಹುಲಿಗೇಶ ಹಿಂಡುತ್ತಿದ್ದ, ಇತ್ತ ಮೂಲೆಯಲ್ಲಿ ಕಟ್ಟಿದ್ದ ಕರು ಹಗ್ಗ ಜಗ್ಗುತ್ತಿತ್ತು.

“ಕಾಕಾ, ಕರ ಯಾಕ ಒದರಾಕತ್ತೈತಿ?”

“ಹಸಿವಾಗೈತವ್ವಾ.”

“ಮತ್ತ ಬಿಡು, ಕುಡೀಲಿ.”

“ಅದಕ್ಕ ಪೂರಾ ಕುಡಿಸಿದ್ರ ನಿನ್ನ ತಂಬಿಗಿಗೆ ಏನು ಹಾಕ್ಲಿ?”

ಹುಲಿಗೇಶ ಸುಳ್ಳು ಬಾರದ ಮನುಷ್ಯ. ಅಂದು ಒಂದೇ ಒಂದು ಸುಳ್ಳು ಹೇಳಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಅಂದಿನಿಂದ ಐಶ್ವರ್ಯಾ ಹಾಲಿನ ಲೋಟ ಸರಿಸಿದಳು. ಮರುದಿನ ಮೊಸರು ಎಲ್ಲಿಂದ ಬರುತ್ತದೆಂದು ಕೇಳಿ ಅದನ್ನೂ ಸರಿಸಿದಳು. ತುಪ್ಪದ ಮೂಲ ತಿಳಿದ ದಿನ ತಟ್ಟೆಯನ್ನೇ ಸರಿಸಿದಳು. ಶೃತಿ ಬೇಳೆಯಲ್ಲಿ ಮಜ್ಜಿಗೆ ಬೆರೆಸಿ ನೋಡಿದಳು. ಹುಡುಗಿ ಮೂಸಿ ನೋಡಿ ತಾಯಿಯ ಮುಖ ನೋಡಿದಳು, ಅಷ್ಟೇ. ಆಮೇಲೆ ತಾಯಿ ಮಾಡಿದ ಯಾವುದನ್ನೂ ನಂಬದಾದಳು. ವಾರದೊಳಗೆ ಕೆನ್ನೆ ಇಳಿದು, ಶಾಲೆಯ ಲಂಗ ಸೊಂಟದಲ್ಲಿ ನಿಲ್ಲದಾಯಿತು.

ಅಂದಪ್ಪ ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ನಮ್ಮವ್ವಾ, ಏನು ಮಾಡಿದ್ರ ಉಣ್ತಿ ಹೇಳು.”

“ನೀವೂ ಬಿಡ್ರಿ. ಮನ್ಯಾಗ ಇದ್ರ ಅವ್ವ ಸುಳ್ಳು ಹೇಳಿ ಹಾಕ್ತಾಳ.”

“ಆತು, ಬಿಟ್ವಿ.”

“ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳು.”

ಎರಡು ದಿನದ ಮಾತು ಎಂದುಕೊಂಡು ಅಂದಪ್ಪ ಆ ಪುಟ್ಟ ತಲೆಯ ಮೇಲೆ ಕೈ ಇಟ್ಟ. “ಐಶು ಹೂಂ ಅನ್ನೂತನಾ ಈ ಮನ್ಯಾಗ ಯಾರೂ ಹಾಲು, ಮಸರು, ತುಪ್ಪ ಮುಟ್ಟಂಗಿಲ್ಲ.” ಹುಡುಗಿ ಎದ್ದುಹೋಗಿ ಶೇಂಗಾ ಹಿಂಡಿ ಹಚ್ಚಿಕೊಂಡು ಒಂದೂವರೆ ರೊಟ್ಟಿ ತಿಂದಳು. ಮನೆಯವರೆಲ್ಲ ಬಾಗಿಲ ಸಂದಿಯಿಂದ ಅದನ್ನು ದೇವರ ಪೂಜೆ ನೋಡಿದಂತೆ ನೋಡಿದರು. ಆಣೆಯ ಭಾರ ಅಂದಪ್ಪನಿಗೆ ಆಮೇಲೆ ತಿಳಿಯಿತು. ಮಗುವಿನ ತಲೆ ಮುಟ್ಟಿ ಆಡಿದ ಮಾತನ್ನು ಮುರಿದರೆ ಅದು ಆಡಿದವನಿಗೆ ತಟ್ಟುವುದಿಲ್ಲ, ಮಗುವಿಗೇ ತಟ್ಟುತ್ತದೆ ಎಂದು ನಂಬಿದ ಮನೆ ಅದು.

ಮರುದಿನ ಹುಲಿಗೇಶ ಬಾಗಿಲಿಗೇ ಬಂದ.

“ಯಾಕ್ರೀ ಅಣ್ಣಾರ, ಹಾಲು ಬ್ಯಾಡ ಅಂದ್ರಂತ? ನನ್ನ ಹಾಲಿನ್ಯಾಗ ನೀರು ಸಿಕ್ಕಿತೇನು?”

“ಛೇ ಛೇ, ಹಂಗೇನಿಲ್ಲೋ.”

“ಮತ್ತ ಯಾಕ್ರಿ?”

ಇಲ್ಲಿಯೇ ಅಂದಪ್ಪ ಎಡವಿದ್ದು. ‘ನಿನ್ನ ಕರುವಿನ ಮೇಲೆ ನನ್ನ ಮಗಳಿಗೆ ಕರುಣೆ ಬಂತಪ್ಪ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೀಸೆ ಹೊತ್ತ ಗಂಡಸು, ಒಂದನೇ ಇಯತ್ತೆಯ ಹುಡುಗಿಯ ಮಾತಿಗೆ ಮನೆಯ ಹಾಲು ನಿಲ್ಲಿಸಿದೆನೆಂದು ಹೇಗೆ ಹೇಳುವುದು? ಅಂದಪ್ಪ ಜಂತಿಯ ಕಡೆ ನೋಡಿದ. ಪ್ರವಚನಕಾರರ ಧಾಟಿ ತಂತಾನೇ ಬಾಯಿಗೆ ಬಂತು.

“ಹುಲಿಗೇಶಾ, ಕೆಲವೊಂದು ಕೇಳಬಾರ್ದು. ಕೇಳಿದ್ರೂ ಹೇಳಬಾರ್ದು.”

ಹುಲಿಗೇಶ ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿಟ್ಟು, ಕೈ ಮುಗಿದು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಳಿದುಹೋದ.

ಆ ಓಣಿಯಲ್ಲಿ ಬಾಯಿಗೆ ಪ್ರಿಯವಾದದ್ದನ್ನು ಬಿಟ್ಟು, ಯಾಕೆ ಬಿಟ್ಟೆ ಎಂದು ಹೇಳದೆ ಉಳಿದರೆ ಅದಕ್ಕೆ ಒಂದೇ ಅರ್ಥ: ಹರಕೆ. ಮಗನ ಪರೀಕ್ಷೆಗೆ ಬೆಲ್ಲ ಬಿಟ್ಟವರಿದ್ದರು, ಕೋರ್ಟಿನ ಕಟ್ಲೆಗೆ ಚಪ್ಪಲಿ ಬಿಟ್ಟವರಿದ್ದರು. ಕೆಲಸ ಕೈಗೂಡುವ ಮುಂಚೆ ಬಾಯಿಬಿಟ್ಟರೆ ಹರಕೆ ಕೆಡುತ್ತದೆ ಎಂಬುದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಹುಲಿಗೇಶ ಹಾಲು ಹಾಕುತ್ತ ಹೋದ ಮನೆಮನೆಗೂ ಖಬರ ಹೋಯಿತು. ಮಧ್ಯಾಹ್ನದೊಳಗೆ ಎದುರು ಮನೆಯ ಶಂಕ್ರೆವ್ವ ಬಂದು ಕಟ್ಟೆಯ ಮೇಲೆ ಕುಳಿತಳು.

“ಏನೂ ಹೇಳಬ್ಯಾಡೋ ಅಂದಪ್ಪಾ, ನನಗ ತಿಳೀತು. ವೀರೂನ ಲಗ್ನದ ಸಲುವಾಗಿ, ಹೌದಲ್ಲೋ?”

“ಇಲ್ಲಬೇ ಯಕ್ಕಾ, ಹಂಗೇನಿಲ್ಲ.”

“ಹಾಂ! ಹಂಗ ಅನ್ನಬೇಕು. ಹೌದು ಅಂದ್ರ ಹರಕಿ ಕೆಡತೈತಿ. ನೀ ಇಲ್ಲ ಅಂದಿ, ಅಂದ್ರ ಹರಕಿ ಗಟ್ಟಿ ಐತಿ. ಭಾಳ ಶಾಣ್ಯಾ ಅದಿ ನೀ.”

“ಯಕ್ಕಾ, ಖರೇನ ಹರಕಿ ಇಲ್ಲ!”

“ಎಷ್ಟ್ ಗಟ್ಟಿ ಐತಿ ನೋಡ್ರವ್ವಾ!” ಎಂದು ಶಂಕ್ರೆವ್ವ ಪಕ್ಕದ ಮನೆಯ ಮಾಸುಮಬಿಗೆ ಕೇಳುವಂತೆ ಹೇಳಿ ಕಣ್ಣೊರೆಸಿಕೊಂಡಳು. “ತಮ್ಮನ ಸಲುವಾಗಿ ತಾಯಿ, ಹೆಂಡ್ತಿ, ಕೂಸು ಎಲ್ಲಾರಿಗೂ ಹಾಲು ಬಿಡಿಸ್ಯಾನ!”

ಹೌದೆಂದರೂ ಹರಕೆ, ಅಲ್ಲವೆಂದರೆ ಇನ್ನೂ ದೊಡ್ಡ ಹರಕೆ. ಇಂಥ ಕೋಟೆಯೊಳಗೆ ಸಿಕ್ಕವನು ಬಾಗಿಲು ಹುಡುಕುವುದನ್ನು ಬಿಟ್ಟು ಒಂದು ಚಹಾ ಕುಡಿಯಬೇಕೆಂದುಕೊಳ್ಳುವುದು ಸಹಜ. ಆಣೆ ‘ಈ ಮನ್ಯಾಗ’ ಎಂದಷ್ಟೇ ಇದೆ, ಗದಗಿನ ಪೇಟೆಗೆ ಅದು ತಟ್ಟುವುದಿಲ್ಲ ಎಂದು ಅಂದಪ್ಪ ವಕೀಲರಂತೆ ವಿಚಾರ ಮಾಡಿ, ಅಂಗಡಿಯ ಮಗ್ಗುಲಿನ ಮೌಲಾಸಾಬನ ಚಹಾದಂಗಡಿಗೆ ಹೋದ. ಮೌಲಾಸಾಬ ಅವನನ್ನು ನೋಡಿದ್ದೇ ಹಾಲಿನ ಪಾತ್ರೆಗೆ ಮುಚ್ಚಳ ಮುಚ್ಚಿದ.

“ಕೊಡಂಗಿಲ್ರೀ ಅಣ್ಣಾರ.”

“ಅರ್ಧ ಕಪ್ಪೋ ಮಾರಾಯಾ.”

“ನಿಮ್ಮ ತಮ್ಮನ ಲಗ್ನ ಮುರಿದ ಪಾಪ ನನ್ನ ಅಂಗಡಿಗೆ ಬ್ಯಾಡ್ರಿ. ಮನಸ್ಸು ಜಾರತೈತಿ, ನನಗ ತಿಳೀತೈತಿ. ನಾ ನಿಮ್ಮನ್ನ ಜಾರಾಕ ಬಿಡಂಗಿಲ್ಲ.” ಮೌಲಾಸಾಬ ಕರಿ ಚಹಾಕ್ಕೆ ಲಿಂಬೆ ಹಿಂಡಿ ಕೊಟ್ಟ. ಸುತ್ತ ನಿಂತವರು ಅಂದಪ್ಪ ಅದನ್ನು ಪೂರ್ತಿ ಕುಡಿಯುವವರೆಗೂ ಭಕ್ತಿಯಿಂದ ಕಾವಲು ನಿಂತರು. ಹೀಗೆ ಬೆಟಗೇರಿ ಮತ್ತು ಗದಗು ಎರಡೂ ಕೂಡಿ ಅಂದಪ್ಪನ ಆಣೆಯನ್ನು ಅವನಿಗಿಂತ ನಿಷ್ಠೆಯಿಂದ ನಡೆಸಿದವು.

ಇತ್ತ ಅಡುಗೆಮನೆಯಲ್ಲಿ ಬೇರೆಯದೇ ತಪಸ್ಸು ನಡೆದಿತ್ತು. ಶೃತಿ ಮೊಬೈಲು ನೋಡಿ ನೋಡಿ ಶೇಂಗಾ ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆದಳು. ಅದಕ್ಕೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪಿಟ್ಟಳು. ಮೊದಲ ದಿನ ಅದು ಹೆಪ್ಪಾಗಲೇ ಇಲ್ಲ. ಮರುದಿನ ಎಷ್ಟು ಹೆಪ್ಪಾಯಿತೆಂದರೆ ಸೌಟು ತಾನೇ ನಿಂತಿತು.

“ವೈನೀ, ಇದನ್ನ ಗ್ವಾಡಿಗೆ ಬಳದ್ರ ಈ ವರ್ಷ ಸುಣ್ಣದ ಖರ್ಚು ಉಳೀತೈತಿ,” ಎಂದ ವೀರು.

ಐಶ್ವರ್ಯಾ ಒಂದು ಚಮಚ ತಿಂದು, ಬಹಳ ಹೊತ್ತು ವಿಚಾರ ಮಾಡಿ, “ಚಲೋ ಐತಿ. ನಾಳೆ ಮಾಡಬ್ಯಾಡ,” ಎಂದಳು.

ದಾರಿ ತೋರಿಸಿದವಳು ಗುರುಸಿದ್ದವ್ವ. ಮೊಸರಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯದ ಮುದುಕಿ ಅವಳು. ಆದರೂ ಮೊಮ್ಮಗಳ ಮೋರೆ ನೋಡಿ, ಒಂದು ಸಂಜೆ ಜೋಳದ ಹಿಟ್ಟಿನಲ್ಲಿ ಅಂಗೈಯಗಲದ ಗಿಣಿ ತಟ್ಟಿದಳು, ಆನೆ ತಟ್ಟಿದಳು, ಗುರೆಳ್ಳಿನಿಂದ ಕಣ್ಣಿಟ್ಟಳು. ಐಶ್ವರ್ಯಾ ಆನೆಯ ಕಿವಿ ಮುರಿದು ಬದನೆಕಾಯಿ ಪಲ್ಯದಲ್ಲಿ ಅದ್ದಿದಳು. ಆನೆಯ ಹಿಂದೆಯೇ, ಎಂದೂ ಮುಟ್ಟದ ಪಲ್ಯವೆಲ್ಲ ಒಳಗೆ ನಡೆಯಿತು. ಮಾಸುಮಬಿ ಗೋಡೆಯಾಚೆಯಿಂದ, “ಅಕ್ಕಾರ, ಶ್ಯಾವಿಗಿನ ಕೊಬ್ಬರಿ ಹಾಲಿನ್ಯಾಗ ಕುದಿಸ್ರಿ, ಬೆಲ್ಲ ಹಾಕ್ರಿ, ಕೂಸು ಬಟ್ಲಾ ನೆಕ್ತೈತಿ,” ಎಂದು ಹೇಳಿಕೊಟ್ಟಳು. ಕೂಸು ನೆಕ್ಕಿತು. ಹೆಸರುಕಾಳಿನ ದೋಸೆ, ಎಳ್ಳಿನ ಉಂಡಿ, ಶೇಂಗಾ ಹೋಳಿಗೆ, ಒಂದೊಂದಾಗಿ ಒಪ್ಪಿಗೆ ಸಿಕ್ಕುತ್ತ ಬಂತು. ಕೆನ್ನೆ ತುಂಬಿತು. ಲಂಗ ಮತ್ತೆ ಸೊಂಟದಲ್ಲಿ ನಿಂತಿತು. ಬೆಳಿಗ್ಗೆ ಶಾಲೆಗೆ ಓಡುವ ಮಗಳನ್ನು ನೋಡಿ ಅಂದಪ್ಪ, ಆಡುವವರು ಏನಾದರೂ ಆಡಲಿ ಎಂದುಕೊಂಡ.

ಆಡುವವರು ಬರೀ ಆಡಲಿಲ್ಲ, ಕಾಲಿಗೆ ಬೀಳತೊಡಗಿದರು. ಸೋಮವಾರದ ಭಜನೆಯಲ್ಲಿ ಗುರುಸಿದ್ದವ್ವನಿಗೆ ಎಲ್ಲರಿಗಿಂತ ಮುಂದೆ ಚಾಪೆ ಹಾಸಿದರು. ಮುದುಕಿ ಮೊದಮೊದಲು ಮುಜುಗರಪಟ್ಟಳು. ಆಮೇಲೆ ಚಾಪೆ ಹಾಸುವುದು ತಡವಾದರೆ ಕೆಮ್ಮತೊಡಗಿದಳು.

“ಅವ್ವಾ, ನಾವು ಹರಕಿ ಹೊತ್ತಿಲ್ಲ ಅನ್ನೂದು ನೆನಪೈತಿಲ್ಲ ನಿನಗ?” ಎಂದ ಅಂದಪ್ಪ.

“ನೀ ಹೊತ್ತಿಲ್ಲಪ್ಪಾ. ನಾ ಮನಸ್ಸಿನ್ಯಾಗ ಹೊತ್ತೀನೋ ಏನೋ, ಯಾರಿಗೆ ಗೊತ್ತು?” ಎಂದಳು ಗುರುಸಿದ್ದವ್ವ.

ಇಷ್ಟಕ್ಕೇ ನಿಂತಿದ್ದರೆ ನಗೆಯಲ್ಲಿ ಹೋಗುತ್ತಿತ್ತು. ಆದರೆ ಶಂಕ್ರೆವ್ವನ ತವರು ಶಿಗ್ಲಿ. ಅಲ್ಲಿಯ ಫಕ್ಕೀರಪ್ಪ ಎಂಬ ಒಕ್ಕಲುತನದ ಗೃಹಸ್ಥರಿಗೆ ಸುಶ್ಮಿತಾ ಎಂಬ ಮಗಳು. ತಮ್ಮನಿಗಾಗಿ ಮನೆಮಂದಿಯೆಲ್ಲ ಹಾಲು ಬಿಟ್ಟ ವರದಿ ಅವರ ಕಿವಿಗೆ ಬಿದ್ದು, ಕರೆ ಬಂತು. ವೀರು ಹೋಗಿ ಕುಳಿತ. ಜನ್ಮದಲ್ಲಿ ಮೊದಲ ಸಲ ಯಾರೂ ಸರಕಾರಿ ನೌಕರಿ ಕೇಳಲಿಲ್ಲ. ಅವಲಕ್ಕಿಯ ಬದಲು ಊಟಕ್ಕೆ ಹಾಕಿದರು. ಹುಡುಗಿ ತಲೆಯೆತ್ತಿ ನೋಡಿ, “ನನ್ನ ಫೋನಿನ ಸ್ಪೀಕರ ಕೆಟ್ಟೈತಿ, ಮಾಡಿ ಕೊಡ್ತೀರೇನು?” ಎಂದಳು. ವೀರು ಅಲ್ಲಿಯೇ ಬಿಚ್ಚಿ ಮಾಡಿಕೊಟ್ಟ. ಬೆಟಗೇರಿಗೆ ಬರುವ ಬಸ್ಸಿನಲ್ಲಿ ಅವನು ಸುಮ್ಮಸುಮ್ಮನೆ ನಗುತ್ತಿದ್ದ.

ಅಂದಪ್ಪನಿಗೆ ಮಾತ್ರ ನಗು ಬರಲಿಲ್ಲ. “ವೀರೂ, ಸುಳ್ಳಿನ ಮ್ಯಾಲ ಲಗ್ನ ಆಗಬಾರ್ದಪ್ಪಾ. ಖರೆ ಹೇಳಿಬಿಡೂಣು.”

ವೀರು ಅಣ್ಣನ ಎರಡೂ ಕೈ ಹಿಡಿದುಕೊಂಡ. “ಯಣ್ಣಾ, ನಾವು ಎಲ್ಲಿ ಸುಳ್ಳು ಹೇಳೀವಿ? ನೀ ದಿನಾ ಇಲ್ಲ ಇಲ್ಲ ಅನ್ನಾಕತ್ತೀಯಲ್ಲಾ! ಅಕ್ಕಿಕಾಳು ಬೀಳೂತನಾ ಬಾಯಿ ಮುಚ್ಚು. ಮುಂದ ನೀ ಏನರ ಹೇಳು.”

ಮಾತುಕತೆ ಮುಗಿಸಿ ವೀಳ್ಯ ಹಿಡಿಯಲು ಫಕ್ಕೀರಪ್ಪನವರು ಒಂದು ಭಾನುವಾರ ಬೆಟಗೇರಿಗೆ ಬಂದರು. ಬಿಳಿ ಧೋತರ, ಕಿವಿ ಮುಟ್ಟುವ ಮೀಸೆ. ಜೊತೆಗೆ ಹಿರಿಯರು ನಾಲ್ಕು ಜನ. ಓಣಿಯವರು ಪಡಸಾಲೆಯಲ್ಲಿ ಹಿಡಿಸದೆ ಕಿಟಕಿಗೆ ಜೋತುಬಿದ್ದರು. ಕೊಡುವುದು ಬಿಡುವುದು ಎಲ್ಲ ಸಲೀಸಾಗಿ ಮುಗಿಯಿತು. ಇನ್ನು ವೀಳ್ಯ ಬದಲಾಗಬೇಕು, ಅಷ್ಟರಲ್ಲಿ ಫಕ್ಕೀರಪ್ಪನವರು ಕೈ ಎತ್ತಿ ತಡೆದರು. ಕಾರಿನಿಂದ ಒಂದು ಹಿತ್ತಾಳೆಯ ಕೊಡ ಇಳಿಯಿತು. ತುಂಬ ಹಾಲು.

“ಬೀಗ್ರ, ತಮ್ಮನ ಸಲುವಾಗಿ ಇಂಥಾ ಹರಕಿ ಹೊತ್ತವ್ರನ್ನ ನಾ ಈಗ ನೋಡಿದೆ. ನನ್ನ ಮಗಳಿಂದ ನಿಮ್ಮ ಹರಕಿ ಮುಟ್ಟಿತು. ನನ್ನ ಕೈಯಾರೆ ನಿಮ್ಗ ಹಾಲು ಕುಡಸ್ತೀನಿ. ನೀವು ಕುಡೀದ ಹೊರತು ನಾ ವೀಳ್ಯಾ ಹಿಡಿಯಂಗಿಲ್ಲ. ಇದೊಂದು ಮಾತು ನಡೀಬೇಕು.”

“ನಡೀಬೇಕು!” ಎಂದಿತು ಕಿಟಕಿ.

ಬೆಳ್ಳಿಯ ಲೋಟ ಅಂದಪ್ಪನ ಕೈಗೆ ಬಂತು. ಅವನು ವೀರೂನ ಕಡೆ ನೋಡಿದ. ವೀರು ಕಣ್ಣಲ್ಲೇ ಕಾಲು ಹಿಡಿಯುತ್ತಿದ್ದ. ಲೋಟ ಮೇಲೇರಿತು. ಕೆನೆಯ ವಾಸನೆ ಮೂಗಿಗೆ ಬಂತು. ಲೋಟದ ಅಂಚಿನ ಮೇಲಿಂದ ಅಂದಪ್ಪನಿಗೆ ಅಡುಗೆಮನೆಯ ಬಾಗಿಲು ಕಂಡಿತು. ಅಲ್ಲಿ ಐಶ್ವರ್ಯಾ ನಿಂತಿದ್ದಳು. ಎರಡೂ ಅಂಗೈಗಳನ್ನು ತನ್ನ ತಲೆಯ ಮೇಲೆ ಒತ್ತಿ ಮುಚ್ಚಿಕೊಂಡು ನಿಂತಿದ್ದಳು, ಮೇಲಿನಿಂದ ಏನೋ ಬೀಳುತ್ತದೆ ಎನ್ನುವವರ ಹಾಗೆ.

ಅಂದಪ್ಪ ಲೋಟವನ್ನು ಕೆಳಗಿಟ್ಟ.

“ಹರಕಿ ಇಲ್ರಿ ಬೀಗ್ರ.”

“ನೋಡ್ರಿ, ನೋಡ್ರಿ, ಇನ್ನೂ ಇಲ್ಲ ಅಂತಾನ!” ಎಂದು ಶಂಕ್ರೆವ್ವ ಗದ್ಗದಿತಳಾದಳು. “ಎಂಥಾ ಗಟ್ಟಿ…”

“ಶಂಕ್ರೆವ್ವಕ್ಕಾ, ಸುಮ್ನ ಕುಂಡ್ರಬೇ!”

ಅಂದಪ್ಪನ ದನಿ ಅಷ್ಟು ದೊಡ್ಡದಿದೆ ಎಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಕರು ಒದರಿದ್ದು, ಮಗಳು ಉಣ್ಣದೆ ಸೊರಗಿದ್ದು, ತಲೆಯ ಮೇಲೆ ಕೈ ಇಟ್ಟದ್ದು, ಮೀಸೆಯ ಮಾನ ಉಳಿಸಲು ಹೋಗಿ ಹುಲಿಗೇಶನ ಮುಂದೆ ದೊಡ್ಡ ಮಾತಾಡಿದ್ದು. “ಈ ಲಗ್ನ ಆಗ್ಲಿ ಅಂತ ನನಗ ಭಾಳ ಆಸೆ ಐತ್ರಿ. ಆದ್ರ ಈ ಹಾಲು ನಾ ಕುಡಿಯಂಗಿಲ್ಲ. ನನ್ನ ಕೂಸಿನ ತಲಿ ಮುಟ್ಟಿ ಹೇಳೀನಿ.”

“ಹಂಗಾರ ಇಷ್ಟು ದಿನಾ ನಾ ಯಾವ ದೇವ್ರಿಗೆ ಮಸರು ಬಿಟ್ಟೆ?” ಎಂದು ಗುರುಸಿದ್ದವ್ವ ತನಗೆ ತಾನೇ ಕೇಳಿಕೊಂಡಳು. ವೀರು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಅವನ ಕಣ್ಣ ಮುಂದೆ ಅವಲಕ್ಕಿಯ ತಟ್ಟೆಗಳು ಸಾಲಾಗಿ ಬಂದು ನಿಂತವು.

ಫಕ್ಕೀರಪ್ಪನವರು ಮೀಸೆಯ ಒಂದು ತುದಿಯನ್ನು ಹಿಡಿದುಕೊಂಡು ಸಾವಕಾಶ ಕೇಳಿದರು.

“ಅಂದ್ರ, ನೀವು ಹರಕಿ ಹೊತ್ತೇ ಇಲ್ಲ?”

“ಇಲ್ರಿ.”

“ಹಿಂದ ಯಾವಾಗರ?”

“ಇಲ್ರಿ.”

“ಮುಂದ ಹೊರೂ ವಿಚಾರ?”

“ಇಲ್ರೀ ಯಪ್ಪಾ!”

ಫಕ್ಕೀರಪ್ಪನವರು ಟವೆಲ್ಲಿನಿಂದ ಮುಖವೆಲ್ಲ ಒರೆಸಿಕೊಂಡರು. ಆಮೇಲೆ ತಮ್ಮ ಹಿರಿಯರ ಕಡೆ ತಿರುಗಿದರು.

“ಬದುಕಿದ್ನೆಪ್ಪೋ!”

“ಏನ್ರಿ ಅದು?” ಎಂದ ಅಂದಪ್ಪ.

“ಬೀಗ್ರ, ನಿಮ್ಗೇನು ಹೇಳ್ಲಿ! ಹುಡುಗ ಚಲೋ ಅದಾನ ಅಂತ ನನ್ನ ಮಗಳು ಒಪ್ಪಿದ್ಲು. ಹರಕಿ ಮನಿ ಬ್ಯಾಡ ಅಂತ ದಿನಾ ಅಳಾಕತ್ತಿದ್ಲು. ಇವತ್ತ ತಮ್ಮನ ಲಗ್ನಕ್ಕ ಹಾಲು ಬಿಟ್ಟವ್ರು ನಾಳೆ ಮೊಮ್ಮಗ ಹುಟ್ಲಿ ಅಂತ ನನಗ ಉಪ್ಪು ಬಿಡಸ್ತಾರ, ಮನಿ ಕಟ್ಟಾಕ ಅನ್ನ ಬಿಡಸ್ತಾರ, ನಾ ಏನು ತಿಂದು ಬದುಕ್ಲಿ ಅಂತಾಳ. ಹಾಲು ಕುಡಿಸಿ ಹರಕಿ ಮುಗಿಸಿ ಬಂದ್ರ ಅಷ್ಟ ಹೂಂ ಅಂತೀನಿ ಅಂದ್ಲು. ಅದಕ್ಕ ಈ ಕೊಡಾ ಹೊತ್ತು ಬಂದೆ. ಹರಕೀನ ಇಲ್ಲಂದ್ರ ಇನ್ನೇನು ಬೇಕ್ರೀ!”

ಅವರು ಶಿಗ್ಲಿಗೆ ಫೋನು ಹಚ್ಚಿ, ಫೋನಿಲ್ಲದೆಯೂ ಅಲ್ಲಿಗೆ ಕೇಳುವಂಥ ದನಿಯಲ್ಲಿ, “ಹರಕಿ ಇಲ್ಲಂತವ್ವಾ! ಒಬ್ಬರೂ ಹೊತ್ತಿಲ್ಲಂತ!” ಎಂದು ಕೂಗಿದರು. ಅತ್ತಲಿಂದ ಮಗಳು ಏನೋ ಕೇಳಿದಳು. ಫಕ್ಕೀರಪ್ಪನವರು ಕರುವಿನ ಕಥೆ ಹೇಳಿದರು. ಅವಳು ಮತ್ತೆ ಏನೋ ಕೇಳಿದಳು. ಫಕ್ಕೀರಪ್ಪನವರ ಮೀಸೆ ಇಳಿಯಿತು.

“ಮಗಳಿಗೆ ಮಸರಿಲ್ಲದ ಊಟ ಸೇರಂಗಿಲ್ಲ. ನಿಮ್ಮ ಮನ್ಯಾಗ ಆಕಿ ಮಸರು ಉಣಬಹುದೇನು ಅಂತ ಕೇಳಾಕತ್ತಾಳ.”

ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಐಶ್ವರ್ಯಾ ತಲೆಯ ಮೇಲಿನ ಕೈ ಇಳಿಸಿ ಮುಂದೆ ಬಂದು, ಫೋನು ಇಸಿದುಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡೂ ಕಡೆಯ ಹಿರಿಯರು, ಮಠದಲ್ಲಿ ಅಪ್ಪಣೆಗೆ ಕಾದವರಂತೆ, ಆ ಮುಚ್ಚಿದ ಬಾಗಿಲು ನೋಡುತ್ತ ಕುಳಿತರು. ಒಳಗೆ ಒಮ್ಮೆ ನಗು ಕೇಳಿತು. ಒಮ್ಮೆ “ಆನಿಗೆ ನಾಕು ಕಾಲು ಇರ್ತಾವ ಕಾಕು” ಎಂದದ್ದು ಕೇಳಿತು. ಚಿಕ್ಕಪ್ಪನ ಹೆಂಡತಿಯನ್ನು ಕರೆಯುವ ಆ ‘ಕಾಕು’ ಕಿವಿಗೆ ಬಿದ್ದ ಕೂಡಲೇ ವೀರು ಕಣ್ಣು ತೆರೆದ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

“ಮುಗೀತು,” ಎಂದು ಐಶ್ವರ್ಯಾ ಫೋನು ವಾಪಸ್ಸು ಕೊಟ್ಟಳು.

“ಏನಂದ್ಲವ್ವಾ?” ಎಂದರು ಎಲ್ಲರೂ ಒಂದೇ ದನಿಯಲ್ಲಿ.

“ಇಲ್ಲಿ ಮಸರು ಬ್ಯಾಡಂತ. ತವರಮನಿಗೆ ಹೋದಾಗ ಅಲ್ಲಿ ಉಣ್ತಾಳಂತ. ಅದಕ್ಕ ವಾರಕ್ಕೊಮ್ಮೆ ಹೋಗ್ತಾಳಂತ. ನಾ ಹೂಂ ಅಂದೆ.”

ಫಕ್ಕೀರಪ್ಪನವರ ಮೀಸೆ ಎರಡೂ ಕಡೆ ಎದ್ದಿತು. ಮಗಳನ್ನು ಕೊಡಲು ಬಂದ ತಂದೆಗೆ, ಮಗಳು ವಾರಕ್ಕೊಮ್ಮೆ ಬರುತ್ತಾಳೆಂದು ಯಾವ ಬೀಗರೂ ಹಿಂದೆಂದೂ ಮಾತು ಕೊಟ್ಟಿದ್ದಿಲ್ಲ. ಅವರು ವೀಳ್ಯದ ತಟ್ಟೆಯನ್ನು ತಾವೇ ಎಳೆದುಕೊಂಡು ಅಂದಪ್ಪನ ಕೈಗಿತ್ತರು. ಅಂದಪ್ಪ, ಎಷ್ಟೋ ವಾರಗಳಿಂದ ಎದೆಯಲ್ಲಿ ಕಟ್ಟಿಟ್ಟಿದ್ದ ಉಸಿರನ್ನೆಲ್ಲ ಒಮ್ಮೆಲೇ ಬಿಟ್ಟ. ತಟ್ಟೆಯ ಮೇಲಿನ ಎಲೆಗಳು ಹಾರಿ ಕೆಳಗೆ ಬಿದ್ದವು. ತೂಕದ ಮಾತೊಂದು ಆಡಬೇಕೆಂದು ಅವನು ಬಾಯಿ ತೆರೆದ, ನಗೆಯ ಹೊರತು ಏನೂ ಬರಲಿಲ್ಲ.

“ವಾರಕ್ಕೊಮ್ಮೆ ನಾನ ಕರಕೊಂಡು ಹೋಗಿ ಬರ್ತೀನಿ,” ಎಂದ ವೀರು. ಆ ದಿನ ಅವನು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು.

ಗುರುಸಿದ್ದವ್ವ ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು.

“ಹೊಸಾ ಸೊಸಿನ್ನ ಹಂಗ ಕಳಸಾಕ ಬರತೈತೇನು? ಮನಿ ಹಿರೇರು ಒಬ್ರು ಜೋಡಿಗೆ ಬೇಕು,” ಎಂದಳು. “ನಾ ಹೋಗ್ತೀನಿ. ಪ್ರತಿ ವಾರ.”